ಸ್ಪ್ರಿಂಗಿನಿಂದ ಓಡುವ ಗೋ-ಕಾರ್ಟ್: ಟಾರ್ಕ್ ಲೆಕ್ಕ ಹಾಕುವ ಬಗೆ

ಟಾರ್ಕ್ ಅಂದರೆ ಚಕ್ರವನ್ನು ತಿರುಗಿಸುವ ಬಲ. ಅದು ಎಷ್ಟು ಬೇಕು ಅಂತ ತಿಳಿಯೋಕೆ ಮೊದಲು ಕಾರ್ಟನ್ನು ಎಳೆದು ನೋಡಿ. ಮಗು ಸೀಟಿನಲ್ಲಿ ಕೂತಿರಲಿ, ಟೈರಿಗೆ ಗಾಳಿ ಸರಿಯಾಗಿರಲಿ. ಮುಂದಿನ ಕಂಬಿಗೆ ಲಗೇಜ್ ತೂಗುವ ತಕ್ಕಡಿಯ ಕೊಕ್ಕೆ ಸಿಕ್ಕಿಸಿ, ನಿಧಾನವಾಗಿ ಒಂದೇ ವೇಗದಲ್ಲಿ ಎಳೆಯಿರಿ. ಹುಬ್ಬಳ್ಳಿಯ ನನ್ನ ಲೇತ್ ಶೆಡ್ಡಿನ ಸಿಮೆಂಟ್ ನೆಲದ ಮೇಲೆ, 26 ಕೆಜಿ ಕಾರ್ಟಿನಲ್ಲಿ 34 ಕೆಜಿಯ ಮೊಮ್ಮಗಳು ಕೂತಾಗ ಮುಳ್ಳು 1.8 ಕೆಜಿ ತೋರಿಸಿತು. ಹೊರಡುವಾಗ ಮುಳ್ಳು ಇನ್ನೂ ಮೇಲೆ ಹಾರುತ್ತದೆ, ಅದನ್ನು ಬರೆದುಕೊಳ್ಳಬೇಡಿ. ಒಂದು ಕೆಜಿ ಎಳೆತ ಅಂದರೆ ಸುಮಾರು 10 ನ್ಯೂಟನ್. ಬರೀ ಉರುಳಿಸೋಕೇ 18 ನ್ಯೂಟನ್ ಬೇಕಾಯ್ತು.

ವೇಗ ಹಿಡಿಯೋಕೆ ಬೇಕಾದ ಬಲ ಬೇರೆ. ಒಂದೊಂದು ಸೆಕೆಂಡಿಗೂ ವೇಗ ಸೆಕೆಂಡಿಗೆ ಅರ್ಧ ಮೀಟರಿನಷ್ಟು ಏರಿದರೆ ಮಕ್ಕಳಿಗೆ ಸಾಕು. ಒಟ್ಟು ತೂಕ 60 ಕೆಜಿ, ಅದನ್ನು ಈ ಅರ್ಧದಿಂದ ಗುಣಿಸಿದರೆ 30 ನ್ಯೂಟನ್. ಎರಡೂ ಸೇರಿ 48. ನನ್ನ ಹಿಂದಿನ ಚಕ್ರದ ಅಡ್ಡಳತೆ 25 ಸೆಂಮೀ, ಅಂದರೆ ತ್ರಿಜ್ಯ 0.125 ಮೀಟರ್. 48 ಅನ್ನು 0.125ರಿಂದ ಗುಣಿಸಿದರೆ 6 ನ್ಯೂಟನ್-ಮೀಟರ್. ಆಕ್ಸಲ್‌ನಲ್ಲಿ (ಚಕ್ರದ ಅಚ್ಚಿನಲ್ಲಿ) ಬೇಕಾದ ಟಾರ್ಕ್ ಇಷ್ಟೇ. ಏರು ಇದ್ದರೆ ಮಾತ್ರ ಜಾಸ್ತಿ: 20 ಅಡಿಗೆ ಒಂದು ಅಡಿ ಏರಿದರೂ ಇನ್ನೂ 30 ನ್ಯೂಟನ್ ಸೇರುತ್ತದೆ.

ಈಗ ಸ್ಪ್ರಿಂಗ್. ಗುಜರಿಯಲ್ಲಿ ಸಿಕ್ಕ ಎಳೆಯುವ ಸ್ಪ್ರಿಂಗನ್ನು ಶೆಡ್ಡಿನ ತೊಲೆಗೆ ತೂಗುಹಾಕಿ, 10 ಕೆಜಿಯ ಅಕ್ಕಿ ಚೀಲಗಳನ್ನು ಒಂದೊಂದಾಗಿ ಕಟ್ಟುತ್ತಾ ಟೇಪು ಹಿಡಿದೆ. ಪ್ರತಿ ಚೀಲಕ್ಕೂ 15 ಸೆಂಮೀ ಉದ್ದವಾಯಿತು. ನಾಲ್ಕಕ್ಕೆ 60 ಸೆಂಮೀ, ಅಂದರೆ 400 ನ್ಯೂಟನ್. ಕೆಳಗೆ ಯಾರೂ ನಿಲ್ಲಬಾರದು. ಕಾರ್ಟಿಗೆ ಕೂರಿಸುವಾಗಲೂ ಸ್ಪ್ರಿಂಗನ್ನು ಕಬ್ಬಿಣದ ಪೈಪಿನೊಳಗೇ ಇಡಿ. ಕೊಕ್ಕೆ ಮುರಿದರೆ ಮಗುವಿನ ಬೆನ್ನಿಗೇ ಬಡಿಯುತ್ತದೆ.

ಸ್ಪ್ರಿಂಗಿನ ಹಗ್ಗ 3 ಸೆಂಮೀ ತ್ರಿಜ್ಯದ ಡ್ರಮ್ಮಿಗೆ ಸುತ್ತಿದೆ. 400 ಗುಣಿಸು 0.03, 12 ನ್ಯೂಟನ್-ಮೀಟರ್. ಡ್ರಮ್ಮಿನ ಶಾಫ್ಟಿಗೆ 36 ಹಲ್ಲಿನ ಚೈನ್ ವೀಲ್, ಆಕ್ಸಲ್‌ಗೆ 18 ಹಲ್ಲಿನ ಫ್ರೀವೀಲ್ (ಸೈಕಲ್ಲಿನ ಹಿಂದಿನ ಚಕ್ರದಲ್ಲಿರುವಂತೆ, ಒಂದೇ ದಿಕ್ಕಿನಲ್ಲಿ ಕಚ್ಚುವ ಹಲ್ಲಿನ ಗಾಲಿ). ಸುತ್ತು ಎರಡರಷ್ಟು, ಟಾರ್ಕ್ ಅರ್ಧ. ಸರಿಯಾಗಿ 6 ಸಿಕ್ಕಿತು. ಹಗ್ಗದ ಸುತ್ತುಗಳು ಪಕ್ಕಪಕ್ಕದಲ್ಲಿ ಕೂರಬೇಕು. ಒಂದರ ಮೇಲೊಂದು ಹತ್ತಿದರೆ ತ್ರಿಜ್ಯ ಬದಲಾಗಿ ಲೆಕ್ಕ ಕೆಡುತ್ತದೆ.

ಆದರೆ ಈ 6 ಇರೋದು ಹೊರಡುವ ಕ್ಷಣಕ್ಕೆ ಮಾತ್ರ. ಸ್ಪ್ರಿಂಗ್ ಕುಗ್ಗಿದಂತೆ ಟಾರ್ಕ್ ಇಳಿದು ಸೊನ್ನೆಗೆ ಬರುತ್ತದೆ. ಸರಾಸರಿ ಮೂರೇ. ಹಾಗಾಗಿ ಟಾರ್ಕ್ ಸಿಕ್ಕಿತು ಅಂತ ಅಲ್ಲಿಗೇ ನಿಲ್ಲಬೇಡಿ, ಸ್ಪ್ರಿಂಗಿನಲ್ಲಿ ಎಷ್ಟು ಶಕ್ತಿ ತುಂಬಿದೆ ಅಂತಲೂ ನೋಡಿ. 400ರ ಅರ್ಧ 200, ಗುಣಿಸು 0.6 ಮೀಟರ್: 120 ಜೂಲ್. ಚೈನಿನಲ್ಲಿ ಹೋಗುವುದಕ್ಕೆ ಹತ್ತರಲ್ಲಿ ಒಂದು ಪಾಲು ಬಿಟ್ಟು, ಉಳಿದ 108 ಅನ್ನು ಉರುಳಿಸೋಕೆ ಬೇಕಾದ 18 ನ್ಯೂಟನ್‌ನಿಂದ ಭಾಗಿಸಿ. 6 ಮೀಟರ್! ಇಷ್ಟೆಲ್ಲ ಮಾಡಿ ಶೆಡ್ಡಿನ ಬಾಗಿಲವರೆಗೆ. ಚಕ್ರ ದೊಡ್ಡದು ಮಾಡಿದರೂ, ಗೇರ್ ಬದಲಿಸಿದರೂ ಈ 6 ಮೀಟರ್ ಬೆಳೆಯೋದಿಲ್ಲ.

ದೂರ ಬೇಕಾದರೆ ಎರಡು ಸ್ಪ್ರಿಂಗ್ ಪಕ್ಕಪಕ್ಕ ಹಾಕಿ, ಡ್ರಮ್ಮಿನ ತ್ರಿಜ್ಯವನ್ನು 1.5 ಸೆಂಮೀಗೆ ಇಳಿಸಿ. ಬಲ ಎರಡರಷ್ಟು, ತ್ರಿಜ್ಯ ಅರ್ಧ, ಟಾರ್ಕ್ ಅದೇ 6. ಸುತ್ತುಗಳು ಮಾತ್ರ ದುಪ್ಪಟ್ಟು, ದೂರ 12 ಮೀಟರ್. ಸ್ಪ್ರಿಂಗ್ ಎಳೆಯೋಕೆ ಬೇರೆ ಹ್ಯಾಂಡಲ್ ಬೇಡ. ಕಾರ್ಟನ್ನು ಹಿಂದಕ್ಕೆ ತಳ್ಳಿದರೆ ಫ್ರೀವೀಲ್ ಕಚ್ಚಿಕೊಂಡು ಹಗ್ಗವನ್ನು ತಾನೇ ಸುತ್ತುತ್ತದೆ. ಬಿಟ್ಟರೆ ಓಡುತ್ತದೆ, ಸ್ಪ್ರಿಂಗ್ ಮುಗಿದ ಮೇಲೂ ಚಕ್ರ ತಡೆಯಿಲ್ಲದೆ ಉರುಳುತ್ತದೆ. ಹೊಸ ಡ್ರಮ್ ಈಗ ಲೇತಿನಲ್ಲಿದೆ, ಭಾನುವಾರ ಮೊಮ್ಮಗಳು ಬರುತ್ತಾಳೆ.