ಶಿರಸಿಯ ಮನೆಯಲ್ಲಿ ಇಇಜಿ: ಉಚಿತ ಸಾಫ್ಟ್‌ವೇರ್ ಜೊತೆ ನನ್ನ ಅನುಭವ

ಮಿದುಳಿನ ಅಲೆಗಳನ್ನು, ಅಂದರೆ ಇಇಜಿಯನ್ನು ವಿಶ್ಲೇಷಣೆ ಮಾಡೋಕೆ ಏನು ಬಳಸಲಿ ಅಂತ ಕೇಳಿದರೆ ಹೆಚ್ಚಿನವರು ಮೊದಲು ಹೇಳುವ ಹೆಸರು ಇಇಜಿಲ್ಯಾಬ್. ಒಳ್ಳೆಯದೇ. ಉಚಿತ, ಕೋಡ್ ಕೂಡ ಮುಕ್ತ. ಆದರೆ ಅದು ಸಾಮಾನ್ಯವಾಗಿ ಓಡುವುದು ಮ್ಯಾಟ್‌ಲ್ಯಾಬ್ ಅನ್ನೋ ಲೆಕ್ಕಾಚಾರದ ಸಾಫ್ಟ್‌ವೇರ್ ಮೇಲೆ, ಮತ್ತು ಮ್ಯಾಟ್‌ಲ್ಯಾಬಿಗೆ ದುಡ್ಡು ಕೊಡಬೇಕು. ಕಾಲೇಜಿನ ಲೈಸೆನ್ಸ್ ಇರುವವರೆಗೆ ಈ ಬಿಸಿ ತಟ್ಟುವುದಿಲ್ಲ. ಓದು ಮುಗಿಸಿ ಶಿರಸಿಗೆ ವಾಪಸ್ ಬಂದ ಮೇಲೆ ನನಗೆ ತಟ್ಟಿತು. ಹಾಗಾಗಿ ಎಂಎನ್‌ಇ-ಪೈಥಾನ್ ಹಿಡಿದೆ, ಪೈಥಾನ್ ಭಾಷೆಯಲ್ಲಿ ಕೋಡ್ ಬರೆದು ಇಇಜಿ ವಿಶ್ಲೇಷಿಸುವ ಸಾಫ್ಟ್‌ವೇರ್ ಇದು. ಇದರಲ್ಲಿ ಬುಡದಿಂದ ತುದಿವರೆಗೆ ಎಲ್ಲವೂ ಉಚಿತ.

ಕಲಿಯೋಕೆ ಫಿಸಿಯೋನೆಟ್ ಅನ್ನೋ ವೈದ್ಯಕೀಯ ಡೇಟಾದ ವೆಬ್‌ಸೈಟಿನಲ್ಲಿರುವ ಇಇಜಿ ಡೇಟಾ ತಗೊಂಡೆ. 109 ಜನರ ರೆಕಾರ್ಡಿಂಗ್, 64 ಚಾನೆಲ್ (ತಲೆಗೆ ಅಂಟಿಸುವ ಒಂದೊಂದು ಎಲೆಕ್ಟ್ರೋಡಿನಿಂದ ಬರುವ ಸಿಗ್ನಲ್ ಒಂದೊಂದು ಚಾನೆಲ್), ಸೆಕೆಂಡಿಗೆ 160 ಸ್ಯಾಂಪಲ್. ಪ್ರತಿಯೊಬ್ಬರದ್ದೂ ಮೊದಲ ಫೈಲ್ ಒಂದು ನಿಮಿಷ ಕಣ್ಣು ತೆರೆದು ಕೂತದ್ದು, ಎರಡನೆಯದು ಒಂದು ನಿಮಿಷ ಕಣ್ಣು ಮುಚ್ಚಿ ಕೂತದ್ದು. ಇಂಥ ಒಂದು ಫೈಲು ಒಂದು ಎಂಬಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಮಳೆಗಾಲದಲ್ಲಿ ಕರೆಂಟು, ನೆಟ್ಟು ಎರಡೂ ಯಾವಾಗ ಹೋಗ್ತವೆ ಅಂತ ಹೇಳೋಕಾಗದ ನಮ್ಮಂಥ ಕಡೆ ಇದು ಸಣ್ಣ ವಿಷಯ ಅಲ್ಲ.

ಕೋಡ್ ಬರೆಯುವ ಮೊದಲು ನಾನು ಫೈಲನ್ನು ಇಡಿಎಫ್‌ಬ್ರೌಸರ್‌ನಲ್ಲಿ ತೆರೆದು ಸುಮ್ನೆ ನೋಡ್ತೇನೆ. ಇದೂ ಉಚಿತ, ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಯಾವ ಚಾನೆಲ್ ಕೆಟ್ಟಿದೆ, ರೆಪ್ಪೆ ಬಡಿದದ್ದು ಎಲ್ಲಿ, ಹಲ್ಲು ಕಚ್ಚಿದ್ದು ಎಲ್ಲಿ ಅನ್ನೋದು ಕಣ್ಣಿಗೇ ಕಾಣುತ್ತದೆ. ಈ ಕೆಲಸ ಬಿಟ್ಟು ನೇರ ಗ್ರಾಫಿಗೆ ಹಾರುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಆಮೇಲೆ ಎಂಎನ್‌ಇ. ಈ ಡೇಟಾದಲ್ಲಿ ಚಾನೆಲ್ ಹೆಸರಿನ ಕೊನೆಗೆ ಚುಕ್ಕಿಗಳಿರುತ್ತವೆ, ಮೊದಲು ಅವನ್ನು ತೆಗೆಯಬೇಕು, ಇಲ್ಲದಿದ್ದರೆ ಎಲೆಕ್ಟ್ರೋಡ್ ತಲೆಯ ಮೇಲೆ ಎಲ್ಲಿದೆ ಅಂತ ಅದಕ್ಕೆ ತಿಳಿಯುವುದಿಲ್ಲ. ಕರೆಂಟಿನ ಗದ್ದಲ ತೆಗೆಯೋಕೆ ನಾವು ಅಭ್ಯಾಸಬಲದಿಂದ 50 ಹರ್ಟ್ಸ್ ಹಾಕ್ತೇವೆ ಅಲ್ವಾ, ಇಲ್ಲಿ 60 ಹಾಕಬೇಕು, ಯಾಕಂದ್ರೆ ರೆಕಾರ್ಡಿಂಗ್ ಆದದ್ದು ಅಮೆರಿಕದಲ್ಲಿ, ಅಲ್ಲಿನ ಕರೆಂಟು 60 ಹರ್ಟ್ಸ್. ರೆಪ್ಪೆ ಬಡಿತಕ್ಕೆ ಐಸಿಎ ಬಳಸಿದೆ. ಬೆರೆತು ಬಂದ ಸಿಗ್ನಲ್ಲನ್ನು ಅದು ಬೇರೆ ಬೇರೆ ಮಾಡಿ ಕೊಡುತ್ತದೆ, ಹಣೆಯ ಹತ್ತಿರ ಜೋರಾಗಿರುವ ರೆಪ್ಪೆಯ ಭಾಗವನ್ನು ಗುರುತಿಸಿ ಬಿಟ್ಟುಬಿಡಬಹುದು. ಐಸಿಎಗೆ ಕೊಡುವ ಪ್ರತಿಯಿಂದ 1 ಹರ್ಟ್ಸ್‌ಗಿಂತ ಕೆಳಗಿನದನ್ನು ತೆಗೆದು ಕೊಟ್ಟರೆ ಫಲಿತಾಂಶ ಚೆನ್ನಾಗಿ ಬರುತ್ತದೆ.

ಕೊನೆಗೆ ಎರಡೂ ಫೈಲುಗಳ ಸ್ಪೆಕ್ಟ್ರಮ್, ಅಂದರೆ ಯಾವ ಹರ್ಟ್ಸ್‌ನಲ್ಲಿ ಅಲೆ ಎಷ್ಟು ಜೋರಿದೆ ಅಂತ ತೋರಿಸುವ ಗ್ರಾಫು, ಒಂದರ ಮೇಲೊಂದು ಹಾಕಿದೆ. ಕಣ್ಣು ಮುಚ್ಚಿದ ಫೈಲಿನಲ್ಲಿ, ತಲೆಯ ಹಿಂಭಾಗದ ಚಾನೆಲ್‌ಗಳಲ್ಲಿ, 10 ಹರ್ಟ್ಸ್ ಆಸುಪಾಸು ಗುಡ್ಡದ ಹಾಗೆ ಎದ್ದು ನಿಂತಿತ್ತು ಆಲ್ಫಾ ಅಲೆ. ಮನುಷ್ಯರ ಇಇಜಿಯನ್ನು ಮೊದಲು ದಾಖಲಿಸಿದ ಜರ್ಮನಿಯ ವೈದ್ಯ ಹ್ಯಾನ್ಸ್ ಬರ್ಗರ್ 1929ರಲ್ಲಿ ಬರೆದು ಪ್ರಕಟಿಸಿದ್ದ ಅದೇ ಅಲೆ.

ಹಿಂದೆ ನಿಂತು ನೋಡ್ತಿದ್ದ ದೊಡ್ಡಪ್ಪ, "ಮನಸ್ಸಲ್ಲಿ ಏನಿದೆ ಅಂತ ಇದ್ರಲ್ಲಿ ಕಾಣ್ತದನಾ?" ಅಂದರು. "ಇಲ್ಲ ದೊಡ್ಡಪ್ಪ, ಕಣ್ಣು ಮುಚ್ಚಿದ್ದನೋ ಬಿಟ್ಟಿದ್ದನೋ ಅಷ್ಟು ಹೇಳಬಹುದು" ಅಂದೆ. "ಅಷ್ಟಕ್ಕೆ ಇಷ್ಟೆಲ್ಲ ಯಾಕೆ?" ಅಂತ ಹೋದರು.

ಇನ್ನೊಂದು ಅನುಕೂಲ ಹೇಳಬೇಕು. ಇಇಜಿಲ್ಯಾಬ್ ಉಳಿಸುವ .set ಫೈಲುಗಳನ್ನು ಎಂಎನ್‌ಇ ಓದುತ್ತದೆ. ಬೆಂಗಳೂರಿನ ಗೆಳೆಯ ತನ್ನ ಲ್ಯಾಬಿನಿಂದ ಕಳಿಸಿದ್ದನ್ನು ನಾನು ಇಲ್ಲಿ ಹಾಗೇ ತೆರೆದುಕೊಳ್ತೇನೆ, ಅವನೇನೂ ಬದಲಾಯಿಸಿ ಕೊಡಬೇಕಾಗಿಲ್ಲ.