ಮನೆ ಸರ್ವರ್‌ನ ಡಿಸ್ಕ್‌ಗಳು: ಒಟ್ಟುಗೂಡಿಸುವುದು ಹೇಗೆ, ಕಾಪಾಡುವುದು ಹೇಗೆ?

ಮನೆ ಸರ್ವರ್‌ಗೆ ಎರಡನೇ ಡಿಸ್ಕ್ ಬಂದ ಕೂಡಲೇ ‘ಯಾವ ರೇಡ್ (ಹಲವು ಡಿಸ್ಕ್‌ಗಳನ್ನು ಒಟ್ಟಿಗೆ ಒಂದರಂತೆ ಬಳಸುವ ವಿಧಾನ) ಹಾಕಲಿ?’ ಎಂಬ ಪ್ರಶ್ನೆಯೂ ಬರುತ್ತದೆ. ಆ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಡಿಸ್ಕ್‌ಗಳ ಮೇಲೆ ಏನಿರುತ್ತದೆ, ಅದು ಎಷ್ಟು ಬೇಗ ಬದಲಾಗುತ್ತದೆ ಎಂಬುದು ಗೊತ್ತಾದರೆ ಅರ್ಧ ತೀರ್ಮಾನ ತಾನಾಗಿಯೇ ಆಗಿಬಿಡುತ್ತದೆ.

ಹೆಜ್ಜೆ 1: ಡೇಟಾ ವಿಂಗಡಿಸಿ

ಒಂದು ಹಾಳೆ ತೆಗೆದುಕೊಳ್ಳಿ. ಹೋದರೆ ಮತ್ತೆ ಸಿಗದಿರುವುದು ಒಂದು ಕಡೆ: ಮಕ್ಕಳ ಫೋಟೋ, ಮದುವೆ ವಿಡಿಯೋ, ಆಸ್ತಿಪತ್ರದ ಸ್ಕ್ಯಾನ್. ಮತ್ತೆ ಇಳಿಸಿಕೊಳ್ಳಬಹುದಾದ ಸಿನಿಮಾ, ಹಾಡು ಇನ್ನೊಂದು ಕಡೆ. ದಿನವಿಡೀ ಬದಲಾಗುತ್ತಲೇ ಇರುವ ಡೇಟಾಬೇಸ್, ವರ್ಚುವಲ್ ಮೆಷಿನ್ ಮೂರನೆಯದು. ಪ್ರತಿಯೊಂದರ ಮುಂದೆ ಎಷ್ಟು ಜಾಗ ಬೇಕೆಂದು ಬರೆಯಿರಿ. ಎಷ್ಟೋ ಮನೆಗಳಲ್ಲಿ ಸಿನಿಮಾಗಳೇ ಜಾಸ್ತಿ ಜಾಗ ತಿನ್ನುತ್ತವೆ. ನಿಜವಾಗಿ ಬೆಲೆಬಾಳುವುದು ಒಂದೇ ಡಿಸ್ಕ್‌ನಲ್ಲಿ ಹಿಡಿಯುತ್ತದೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ರೇಡ್ ಕಾಪಾಡುವುದು ಡಿಸ್ಕ್ ಕೆಟ್ಟಾಗ ಮಾತ್ರ. ಫೋಲ್ಡರ್ ಕೈತಪ್ಪಿ ಡಿಲೀಟ್ ಆದರೆ ಮಿರರ್‌ನ (ಒಂದೇ ಡೇಟಾವನ್ನು ಎರಡು ಡಿಸ್ಕ್‌ಗಳಲ್ಲೂ ಬರೆಯುವ ರೇಡ್) ಎರಡೂ ಡಿಸ್ಕ್‌ಗಳಲ್ಲಿ ಅದೇ ಕ್ಷಣ ಹೋಗುತ್ತದೆ. ಹಾಗಾಗಿ ಮೊದಲ ಗುಂಪಿನ ಡೇಟಾಗೆ ಬೇರೆ ಬ್ಯಾಕಪ್ ಇರಲೇಬೇಕು, ಅದರಲ್ಲಿ ಒಂದು ಪ್ರತಿ ಮನೆಯಿಂದ ಹೊರಗಿರಬೇಕು. ಇರುವುದು ಎರಡೇ ಡಿಸ್ಕ್, ಬ್ಯಾಕಪ್ ಒಂದೂ ಇಲ್ಲ ಎಂದಾದರೆ ರೇಡ್ ಬೇಡ. ಎರಡನೆಯದನ್ನು ಬ್ಯಾಕಪ್‌ಗೇ ಇಡಿ.

ಹೆಜ್ಜೆ 2: ಡಿಸ್ಕ್‌ಗಳ ಆರೋಗ್ಯ ನೋಡಿ

ಸ್ಮಾರ್ಟ್ ವರದಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ದಾಖಲೆ) ತೆಗೆದು ‘ರೀಅಲೊಕೇಟೆಡ್’ (ಕೆಟ್ಟು ಬದಲಿಸಿದ) ಮತ್ತು ‘ಪೆಂಡಿಂಗ್’ (ಓದಲು ತೊಂದರೆ ಕೊಡುತ್ತಿರುವ) ಸೆಕ್ಟರ್‌ಗಳ ಸಂಖ್ಯೆ ನೋಡಿ. ಸೊನ್ನೆ ಇದ್ದರೆ ಒಳ್ಳೆಯದು, ಏರುತ್ತಾ ಹೋಗುತ್ತಿದ್ದರೆ ಆ ಡಿಸ್ಕ್ ಬಿಟ್ಟುಬಿಡಿ. ಹೊಸದು ಕೊಳ್ಳುವಾಗ ಸಿಎಂಆರ್ ಬಗೆಯದನ್ನೇ (ಡೇಟಾ ಬರೆಯುವ ಸಾಲುಗಳು ಒಂದರ ಪಕ್ಕ ಒಂದಿರುವುದು) ಕೇಳಿ. ಎಸ್‌ಎಂಆರ್ ಡಿಸ್ಕ್‌ನಲ್ಲಿ ಸಾಲುಗಳು ಒಂದರ ಮೇಲೊಂದು ಹೊದ್ದುಕೊಂಡಿರುತ್ತವೆ, ಹಾಗಾಗಿ ಸತತವಾಗಿ ಬರೆಯುವಾಗ ತುಂಬಾ ನಿಧಾನ. ಕೆಟ್ಟ ಡಿಸ್ಕ್ ಬದಲಿಸಿ ಡೇಟಾ ಮರಳಿ ತುಂಬುವಾಗಲೇ ಇದು ಕೈಕೊಡುತ್ತದೆ. ವೆಸ್ಟರ್ನ್ ಡಿಜಿಟಲ್‌ನ ರೆಡ್ ಸರಣಿಯ 2ರಿಂದ 6 ಟಿಬಿಯ ಕೆಲವು ಮಾದರಿಗಳು ಎಸ್‌ಎಂಆರ್ ಎಂಬುದು 2020ರಲ್ಲಿ ಬಯಲಾಗಿ ದೊಡ್ಡ ಗಲಾಟೆಯಾಗಿತ್ತು. ಈಗ ಅದೇ ಕಂಪನಿಯ ರೆಡ್ ಪ್ಲಸ್, ರೆಡ್ ಪ್ರೊ ಸಿಎಂಆರ್.

ಯುಎಸ್‌ಬಿ ಡಬ್ಬಿಯಲ್ಲಿರುವ ಡಿಸ್ಕ್‌ಗಳನ್ನು ಸೇರಿಸಿ ರೇಡ್ ಮಾಡಬೇಡಿ. ಕೇಬಲ್ ಒಂದು ಕ್ಷಣ ಸಡಿಲವಾದರೂ ಡಿಸ್ಕ್ ಕೆಟ್ಟಿತೆಂದೇ ಸರ್ವರ್ ತಿಳಿಯುತ್ತದೆ.

ಹೆಜ್ಜೆ 3: ವಿಧಾನ ಆರಿಸಿ

ಒಂದೇ ಅಳತೆಯ ಎರಡು ಡಿಸ್ಕ್ ಇದ್ದರೆ ಜಾಸ್ತಿ ಯೋಚಿಸಬೇಕಿಲ್ಲ, ಮಿರರ್ ಮಾಡಿ. ಅದಕ್ಕೆ ನನ್ನ ಆಯ್ಕೆ ಝಡ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆ. ಪ್ರತಿ ಬ್ಲಾಕ್‌ಗೂ ಅದು ಚೆಕ್‌ಸಮ್ (ಡೇಟಾ ಬದಲಾಗಿದೆಯೇ ಎಂದು ತಾಳೆ ನೋಡುವ ಸಂಖ್ಯೆ) ಇಡುತ್ತದೆ. ಸದ್ದಿಲ್ಲದೆ ಹಾಳಾದ ಫೋಟೋವನ್ನು ಗುರುತಿಸಿ, ಇನ್ನೊಂದು ಡಿಸ್ಕ್‌ನ ಸರಿ ಪ್ರತಿಯಿಂದ ರಿಪೇರಿ ಮಾಡುತ್ತದೆ.

ಬೇರೆ ಬೇರೆ ಅಳತೆಯ ಹಳೆಯ ಡಿಸ್ಕ್‌ಗಳಿದ್ದಾಗಲೇ ನಿಜವಾದ ತಲೆನೋವು. 8, 4, 4, 2 ಟಿಬಿಯ ನಾಲ್ಕಿವೆ ಅಂದುಕೊಳ್ಳಿ, ಒಟ್ಟು 18 ಟಿಬಿ. ಯಾವುದಾದರೂ ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯಬೇಕು. ರೇಡ್ 5 ಅಥವಾ ಝಡ್‌ಎಫ್‌ಎಸ್‌ನಲ್ಲಿ ಅದೇ ಬಗೆಯ ರೇಡ್‌ಝಡ್1 (ಒಂದು ಡಿಸ್ಕ್‌ನಷ್ಟು ಜಾಗ ರಕ್ಷಣೆಗೆ ಮೀಸಲು) ಮಾಡಿದರೆ ಎಲ್ಲವನ್ನೂ ಚಿಕ್ಕದರ ಅಳತೆಗೇ ಲೆಕ್ಕ ಹಿಡಿಯುತ್ತದೆ, ಸಿಗುವುದು 6 ಟಿಬಿ. 4ಕ್ಕೆ 4, 8ಕ್ಕೆ 2 ಜೋಡಿಸಿ ಮಿರರ್ ಮಾಡಿದರೂ 6. ಬಿಟಿಆರ್‌ಎಫ್‌ಎಸ್‌ (ಲಿನಕ್ಸ್‌ನ ಇನ್ನೊಂದು ಫೈಲ್ ವ್ಯವಸ್ಥೆ)ನ ರೇಡ್ 1 ಪ್ರತಿ ತುಣುಕಿನ ಎರಡು ಪ್ರತಿಯನ್ನು ಎಲ್ಲಿ ಜಾಗವಿದೆಯೋ ಅಲ್ಲಿ ಇಡುವುದರಿಂದ 9 ಟಿಬಿ. ಸ್ನ್ಯಾಪ್‌ರೇಡ್ ಎಂಬ ಸಾಫ್ಟ್‌ವೇರ್‌ನಲ್ಲಿ ದೊಡ್ಡದಾದ 8 ಟಿಬಿ ಡಿಸ್ಕ್ ಪ್ಯಾರಿಟಿಗೆ (ಕೆಟ್ಟ ಡಿಸ್ಕ್‌ನ ಡೇಟಾ ಮರಳಿ ಪಡೆಯುವ ಲೆಕ್ಕಕ್ಕೆ) ಹೋಗಿ ಉಳಿದ 10 ಟಿಬಿ ಪೂರ್ತಿ ನಿಮ್ಮದು.

ಪ್ಯಾರಿಟಿಯನ್ನು ಅಂಗಡಿ ಲೆಕ್ಕದ ಹಾಗೆ ನೋಡಿ. ಮೂರು ಸಾಲಿನ ಮೊತ್ತವನ್ನು ಬೇರೆ ಚೀಟಿಯಲ್ಲಿ ಬರೆದಿಟ್ಟಿದ್ದರೆ, ಒಂದು ಸಾಲು ಅಳಿಸಿಹೋದರೂ ಕಳೆದು ಕಂಡುಹಿಡಿಯಬಹುದು ಅಲ್ವಾ? ಎರಡು ಅಳಿಸಿದರೆ ಆಗದು.

ಸ್ನ್ಯಾಪ್‌ರೇಡ್ ಈ ಮೊತ್ತವನ್ನು ನೀವು ಸಿಂಕ್ ಎಂಬ ಆಜ್ಞೆ ಓಡಿಸಿದಾಗ ಮಾತ್ರ ಬರೆಯುತ್ತದೆ. ರಾತ್ರಿ ಸಿಂಕ್ ಇಟ್ಟಿದ್ದರೆ ಇಂದು ಬೆಳಿಗ್ಗೆ ಹಾಕಿದ ಫೋಟೋಗೆ ರಾತ್ರಿವರೆಗೆ ರಕ್ಷಣೆಯಿಲ್ಲ. ಹಾಗಾಗಿ ಸಿನಿಮಾ, ಫೋಟೋಗಳಿಗೆ ಅದು ಹೇಳಿಮಾಡಿಸಿದಂತಿದೆ, ಡೇಟಾಬೇಸ್‌ಗೆ ಬೇಡವೇ ಬೇಡ. ಡಿಸ್ಕ್‌ಗಳೆಲ್ಲ ಒಂದೇ ಫೋಲ್ಡರ್‌ನಂತೆ ಕಾಣಲು ಜೊತೆಗೆ ಮರ್ಜರ್‌ಎಫ್‌ಎಸ್ ಎಂಬ ಸಾಫ್ಟ್‌ವೇರ್ ಹಾಕಿ. ಪ್ರತಿ ಫೈಲ್ ಇಡಿಯಾಗಿ ಒಂದೇ ಡಿಸ್ಕ್‌ನಲ್ಲಿರುವುದು ಇದರ ದೊಡ್ಡ ಲಾಭ. ಎರಡು ಡಿಸ್ಕ್ ಒಟ್ಟಿಗೆ ಹೋದರೂ ಉಳಿದವುಗಳಲ್ಲಿರುವುದನ್ನು ಓದಬಹುದು. ರೇಡ್ 5ರಲ್ಲಾದರೆ ಎಲ್ಲವೂ ಹೋಯಿತು. ಹಣ ಕೊಟ್ಟು ಕೊಳ್ಳುವ ಅನ್‌ರೇಡ್ ಎಂಬ ಸರ್ವರ್ ಆಪರೇಟಿಂಗ್ ಸಿಸ್ಟಂನಲ್ಲೂ ಈ ಅನುಕೂಲವಿದೆ, ಅದು ಪ್ಯಾರಿಟಿಯನ್ನು ಕೂಡಲೇ ಬರೆಯುತ್ತದೆ.

ಒಂದೇ ಅಳತೆಯ ನಾಲ್ಕು ದೊಡ್ಡ ಡಿಸ್ಕ್ ಇದ್ದವರು ರೇಡ್‌ಝಡ್2 (ಎರಡು ಡಿಸ್ಕ್‌ನಷ್ಟು ಪ್ಯಾರಿಟಿ) ಅಥವಾ ಎರಡು ಜೋಡಿ ಮಿರರ್ ನೋಡಿ. 8 ಟಿಬಿ ಡಿಸ್ಕ್ ತುಂಬಲು ಸೆಕೆಂಡಿಗೆ 150 ಎಂಬಿ ವೇಗದಲ್ಲೂ ಸುಮಾರು 15 ಗಂಟೆ ಬೇಕು. ಪ್ಯಾರಿಟಿಯಲ್ಲಾದರೆ ಅಷ್ಟೂ ಹೊತ್ತು ಉಳಿದ ಹಳೆಯ ಡಿಸ್ಕ್‌ಗಳೆಲ್ಲ ದುಡಿಯುತ್ತಲೇ ಇರಬೇಕು. ಆಗ ಎರಡನೆಯದೂ ಕೆಟ್ಟರೆ? ಒಂದೇ ಪ್ಯಾರಿಟಿಯನ್ನು ನಾನಂತೂ ನಂಬುವುದಿಲ್ಲ. ರೇಡ್‌ಝಡ್‌ಗೆ ಆಮೇಲೆ ಡಿಸ್ಕ್ ಸೇರಿಸಲಾಗದು ಎಂಬ ಹಳೆಯ ಕೊರತೆ ಈಗಿಲ್ಲ. 2025ರ ಜನವರಿಯಲ್ಲಿ ಬಂದ ಓಪನ್‌ಝಡ್‌ಎಫ್‌ಎಸ್ 2.3ರಿಂದ ಒಂದೊಂದಾಗಿ ಸೇರಿಸಬಹುದು.

ಬಿಟಿಆರ್‌ಎಫ್‌ಎಸ್‌ನ ರೇಡ್ 5, 6 ಸದ್ಯ ಮುಟ್ಟಬೇಡಿ. ಡೇಟಾವನ್ನು ಡಿಸ್ಕ್‌ಗಳಿಗೆ ಹಂಚಿಬಿಡುವ ರೇಡ್ 0 ಅಂತೂ ರಕ್ಷಣೆಯೇ ಅಲ್ಲ.

ಹೆಜ್ಜೆ 4: ಕರೆಂಟ್, ಚೀಟಿ, ಸ್ಕ್ರಬ್

ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಸಾಮಾನ್ಯ ರೇಡ್ 5ರಲ್ಲಿ ಡೇಟಾ ಮತ್ತು ಪ್ಯಾರಿಟಿ ತಾಳೆಯಾಗದೆ ಉಳಿಯಬಹುದು. ಮನೆಯ ಇನ್ವರ್ಟರ್‌ನಲ್ಲಿ ಯುಪಿಎಸ್ ಮೋಡ್ ಇದ್ದರೆ ಹಾಕಿಡಿ. ಆದರೆ ಬ್ಯಾಟರಿ ಮುಗಿಯುತ್ತಿದೆ ಎಂದು ಅದು ಸರ್ವರ್‌ಗೆ ಹೇಳುವುದಿಲ್ಲ. ಯುಎಸ್‌ಬಿ ಕೇಬಲ್ ಇರುವ ಚಿಕ್ಕ ಯುಪಿಎಸ್ ಹೇಳುತ್ತದೆ, ಸರ್ವರ್ ತಾನೇ ಸರಿಯಾಗಿ ಆಫ್ ಆಗುತ್ತದೆ.

ಪ್ರತಿ ಡಿಸ್ಕ್‌ನ ಸೀರಿಯಲ್ ನಂಬರ್ ಬರೆದ ಚೀಟಿಯನ್ನು ಹೊರಗೆ ಕಾಣುವಂತೆ ಅಂಟಿಸಿ. ಕೆಟ್ಟದ್ದರ ಬದಲು ಒಳ್ಳೆಯದನ್ನು ಕಿತ್ತರೆ ಸುಮ್ನೆ ಎಲ್ಲ ಕಳೆದುಕೊಳ್ಳಬೇಕಾದೀತು. ತಿಂಗಳಿಗೊಮ್ಮೆ ಸ್ಕ್ರಬ್ (ಡೇಟಾ ಓದಿ ದೋಷ ಹುಡುಕುವ ಪರೀಕ್ಷೆ) ಆಗುವಂತೆ, ತೊಂದರೆ ಕಂಡರೆ ಫೋನ್‌ಗೆ ಸಂದೇಶ ಬರುವಂತೆ ಹೊಂದಿಸಿ.

ಹೆಜ್ಜೆ 5: ಕೆಡಿಸಿ ನೋಡಿ

ಅಮೂಲ್ಯ ಡೇಟಾ ಹಾಕುವ ಮೊದಲು ಕೆಲವು ಫೈಲ್ ಕಾಪಿ ಮಾಡಿ. ಸರ್ವರ್ ಆಫ್ ಮಾಡಿ ಒಂದು ಡಿಸ್ಕ್‌ನ ಕೇಬಲ್ ತೆಗೆಯಿರಿ, ಮತ್ತೆ ಆನ್ ಮಾಡಿ. ಫೈಲ್ ತೆರೆಯುತ್ತದೆಯೇ? ಫೋನ್‌ಗೆ ಸಂದೇಶ ಬಂತೇ? ಸ್ನ್ಯಾಪ್‌ರೇಡ್ ಆದರೆ ಆ ಡಿಸ್ಕ್‌ನ ಫೈಲ್‌ಗಳು ಕಾಣುವುದಿಲ್ಲ, ಖಾಲಿ ಡಿಸ್ಕ್ ಕೊಟ್ಟು ಫಿಕ್ಸ್ ಎಂಬ ಆಜ್ಞೆ ಓಡಿಸಿ ಮರಳಿ ಪಡೆಯಿರಿ. ಇದೆಲ್ಲ ಸರಿಹೋದ ಮೇಲೆ ಪೂರ್ತಿ ಡೇಟಾ ತುಂಬಿಸಿ. ಮೊದಲ ಸ್ಕ್ರಬ್ ದೋಷವಿಲ್ಲದೆ ಮುಗಿಯುವವರೆಗೆ ಮೂಲ ಪ್ರತಿಗಳನ್ನು ಅಳಿಸಬೇಡಿ.