ಸಾಫ್ಟ್‌ವೇರ್‌ನ ವಾರ್ಷಿಕ ಶುಲ್ಕ ಏರುತ್ತಿದ್ದರೆ: ಮಿಲ್ಲು, ಮಳಿಗೆ, ಘಟಕಗಳ ಮಾಲೀಕರಿಗೆ ಕೈಪಿಡಿ

ಗಂಗಾವತಿಯ ರೈಸ್ ಮಿಲ್ಲುಗಳಲ್ಲಾಗಲಿ, ಬಳ್ಳಾರಿಯ ಜೀನ್ಸ್ ಘಟಕಗಳಲ್ಲಾಗಲಿ, ರಾಯಚೂರಿನ ಹತ್ತಿ ಜಿನ್ನಿಂಗ್ ಕಾರ್ಖಾನೆಗಳಲ್ಲಾಗಲಿ ಕಿರ್ದಿ-ಖಾತೆ ಈಗ ಬಹುಮಟ್ಟಿಗೆ ಕಂಪ್ಯೂಟರಿನಲ್ಲೇ ಇರುತ್ತದೆ. ಅದನ್ನು ನಡೆಸುವ ಸಾಫ್ಟ್‌ವೇರ್‌ನ ಶುಲ್ಕ ವರ್ಷದಿಂದ ವರ್ಷಕ್ಕೆ ಏರಿದಾಗ ಅನೇಕ ಮಾಲೀಕರು ಗಡುವು ಮುಗಿಯುವ ವಾರದಲ್ಲಿ ಡೀಲರ್‌ ಜೊತೆ ಚೌಕಾಸಿಗೆ ಇಳಿಯುತ್ತಾರೆ. ಆ ಹೊತ್ತಿಗೆ ಬಿಲ್ಲಿಂಗ್ ನಿಲ್ಲುವ ಭಯ ಇರುವುದರಿಂದ ಕೇಳಿದಷ್ಟು ಕಟ್ಟದೆ ಬೇರೆ ದಾರಿ ಉಳಿದಿರುವುದಿಲ್ಲ. ಆದ್ದರಿಂದ ಈ ಕೆಲಸವನ್ನು ಗಡುವಿಗೆ ಕನಿಷ್ಠ ಮೂರು ತಿಂಗಳು ಮೊದಲೇ ಕೈಗೆತ್ತಿಕೊಳ್ಳಬೇಕು.

ಮೊದಲು ಹಳೆಯ ಬಿಲ್ಲುಗಳನ್ನು ತೆಗೆದು ಏರಿಕೆಯ ಪ್ರಮಾಣವನ್ನು ನೋಡಿ. ಉದಾಹರಣೆಗೆ, ಈ ವರ್ಷ 40,000 ರೂಪಾಯಿ ಇರುವ ಶುಲ್ಕ ಪ್ರತಿ ವರ್ಷ ಶೇ. 12ರಷ್ಟು ಏರಿದರೆ ಐದನೆಯ ವರ್ಷದಲ್ಲಿ ಸುಮಾರು 62,900 ರೂಪಾಯಿ ಆಗುತ್ತದೆ; ಏರಿಕೆ ಶೇ. 5ಕ್ಕೆ ನಿಂತರೆ ಸುಮಾರು 48,600 ರೂಪಾಯಿ ಮಾತ್ರ. ಇದರ ಮೇಲೆ ಶೇ. 18ರ ಜಿಎಸ್‌ಟಿ ಸೇರುತ್ತದೆ. ಜೀನ್ಸ್ ಘಟಕದವರು ಆ ತೆರಿಗೆಯನ್ನು ಸಾಮಾನ್ಯವಾಗಿ ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು, ಅಂದರೆ ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದು. ಆದರೆ 26 ಕೆ.ಜಿ. ಚೀಲದ ಅಕ್ಕಿಯಂತಹ ತೆರಿಗೆ ವಿನಾಯಿತಿಯ ಮಾಲನ್ನೇ ಹೆಚ್ಚಾಗಿ ಮಾರುವ ಮಿಲ್ಲಿನವರಿಗೆ ಆ ವಹಿವಾಟಿನ ಪಾಲಿಗೆ ತಕ್ಕಷ್ಟು ಕ್ರೆಡಿಟ್ ಸಿಗುವುದಿಲ್ಲ. ಅವರು ತೆರಿಗೆಯನ್ನೂ ಖರ್ಚಿಗೆ ಸೇರಿಸಿಯೇ ಲೆಕ್ಕ ಹಾಕಬೇಕು.

ಅನಂತರ ನಿಮ್ಮ ಲೈಸೆನ್ಸ್ ಯಾವ ಬಗೆಯದೆಂದು ಖಚಿತಪಡಿಸಿಕೊಳ್ಳಿ. ಚಂದಾ ಪದ್ಧತಿಯಾದರೆ ಹಣ ಕಟ್ಟದ ದಿನದಿಂದ ಕೆಲಸ ನಿಲ್ಲುತ್ತದೆ. ಶಾಶ್ವತ ಲೈಸೆನ್ಸ್ ಆದರೆ ಹಾಗಲ್ಲ. ಟ್ಯಾಲಿ ಪ್ರೈಮ್‌ನ ಶಾಶ್ವತ ಲೈಸೆನ್ಸ್ ಕೊಂಡವರು ಟಿಎಸ್‌ಎಸ್ ಎಂಬ ವಾರ್ಷಿಕ ಸೇವಾ ಚಂದಾವನ್ನು ನವೀಕರಿಸದಿದ್ದರೂ ಲೆಕ್ಕ ಬರೆಯಬಹುದು. ಹೊಸ ಆವೃತ್ತಿಗಳು ಮತ್ತು ಆನ್‌ಲೈನ್ ಸೇವೆಗಳು ಸಿಗುವುದಿಲ್ಲ. ಹಾಗೆಂದು ಎಲ್ಲರೂ ನವೀಕರಣ ಬಿಡಬಹುದೆಂದು ನಾನು ಹೇಳುವುದಿಲ್ಲ. 2023ರ ಆಗಸ್ಟ್ 1ರಿಂದ 5 ಕೋಟಿ ರೂಪಾಯಿ ಮೀರಿದ ವಹಿವಾಟಿನವರು ಇತರ ವ್ಯಾಪಾರಿಗಳಿಗೆ ತೆರಿಗೆಯ ಮಾಲನ್ನು ಮಾರುವಾಗ ಇ-ಇನ್‌ವಾಯ್ಸ್, ಅಂದರೆ ಸರ್ಕಾರದ ಪೋರ್ಟಲ್‌ನಲ್ಲಿ ಆನ್‌ಲೈನ್ ಆಗಿ ನೋಂದಾಯಿಸುವ ಬಿಲ್ಲು, ಮಾಡಲೇಬೇಕು. ದಿನಕ್ಕೆ ಹತ್ತಾರು ಬಿಲ್ಲು ಹರಿಯುವ ಅಂಥ ಘಟಕಗಳು ನವೀಕರಣ ತಪ್ಪಿಸುವುದು ಜಾಣತನವಲ್ಲ. ಸಣ್ಣ ಮಳಿಗೆಯವರು ಮಾತ್ರ ಆಡಿಟರನ್ನು ಕೇಳಿಕೊಂಡು ಒಂದು ವರ್ಷ ಕಾಯುವುದನ್ನು ಯೋಚಿಸಬಹುದು.

ಎಷ್ಟು ಯೂಸರ್‌ಗಳಿಗೆ ಹಣ ಕಟ್ಟುತ್ತಿದ್ದೀರಿ ಎಂಬುದನ್ನೂ ಎಣಿಸಿ. ಕೆಲವು ಲೈಸೆನ್ಸ್‌ಗಳು ಏಕಕಾಲಕ್ಕೆ ತೆರೆಯುವವರ ಸಂಖ್ಯೆಗೆ, ಕೆಲವು ಹೆಸರು ನೋಂದಾಯಿಸಿದ ಪ್ರತಿಯೊಬ್ಬರಿಗೆ ಶುಲ್ಕ ಹಾಕುತ್ತವೆ. ಎರಡನೆಯ ಬಗೆಯದಾದರೆ ಕೆಲಸ ಬಿಟ್ಟುಹೋದ ಗುಮಾಸ್ತನ ಹೆಸರಿಗೂ ಹಣ ಹೋಗುತ್ತಲೇ ಇರುತ್ತದೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು ನಿಮ್ಮ ಡೇಟಾ. ಅದನ್ನು ಪೂರ್ತಿಯಾಗಿ ಹೊರಗೆ ತೆಗೆಯಲು ಬಂದರೆ ಮಾತ್ರ ಚೌಕಾಸಿಗೆ ಬಲ ಬರುತ್ತದೆ. ಬಾರದಿದ್ದರೆ ಬೆಲೆ ನಿಗದಿ ಮಾಡುವವರು ಸಾಫ್ಟ್‌ವೇರ್ ಮಾರುವವರೇ. ಬ್ಯಾಕಪ್ ಇದ್ದರೆ ಸಾಕೆಂದು ತಿಳಿಯಬೇಡಿ, ಏಕೆಂದರೆ ಬ್ಯಾಕಪ್ ಫೈಲು ಸಾಮಾನ್ಯವಾಗಿ ಅದೇ ಸಾಫ್ಟ್‌ವೇರ್‌ನಲ್ಲಿ ಮಾತ್ರ ತೆರೆಯುತ್ತದೆ. ಪಾರ್ಟಿಗಳ ಪಟ್ಟಿ, ಜಿಎಸ್‌ಟಿ ಸಂಖ್ಯೆಗಳು, ಸ್ಟಾಕ್, ಬಿಲ್ಲುವಾರು ಬಾಕಿ ಮತ್ತು ಎಲ್ಲ ವೋಚರ್‌ಗಳನ್ನು ಎಕ್ಸೆಲ್‌ಗೆ ತೆಗೆದು, ಟ್ರಯಲ್ ಬ್ಯಾಲೆನ್ಸ್‌ನ ಮೊತ್ತ ಸಾಫ್ಟ್‌ವೇರ್‌ನಲ್ಲೂ ಎಕ್ಸೆಲ್‌ನಲ್ಲೂ ತಾಳೆಯಾಗುತ್ತದೆಯೇ ಎಂದು ನೋಡಿ. ಹತ್ತು ಪಾರ್ಟಿಗಳ ಉದ್ರಿ ಬಾಕಿಯನ್ನು ಕೈಯಿಂದಲೇ ಸರಿನೋಡಿ. ಒಟ್ಟು ಮೊತ್ತ ಸರಿಯಿದ್ದೂ ಯಾವ ಬಿಲ್ಲಿನ ಬಾಕಿ ಎಂಬ ವಿವರ ಕಳೆದುಹೋಗಿದ್ದರೆ ವಸೂಲಿಯ ಸಮಯದಲ್ಲಿ ತಂಟೆಯಾಗುತ್ತದೆ. ನಮ್ಮ ಕಡೆಯವರು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ: ರೈತರ ಮತ್ತು ಹಳ್ಳಿಗಳ ಹೆಸರನ್ನು ಯುನಿಕೋಡ್ ಅಲ್ಲದ ಹಳೆಯ ಕನ್ನಡ ಫಾಂಟುಗಳಲ್ಲಿ ಟೈಪ್ ಮಾಡಿದ್ದರೆ, ಹೊರತೆಗೆದ ಫೈಲಿನಲ್ಲಿ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಪರಿವರ್ತಕಗಳಿಂದ ಅವನ್ನು ಯುನಿಕೋಡ್‌ಗೆ ತರಬಹುದು. ಒತ್ತಕ್ಷರಗಳು ತಪ್ಪಿಹೋಗಬಹುದಾದ್ದರಿಂದ ಪಟ್ಟಿಯನ್ನು ಊರಿನವರ ಪರಿಚಯವಿರುವ ಗುಮಾಸ್ತರಿಂದಲೇ ಒಮ್ಮೆ ಓದಿಸಿ.

ಇಷ್ಟು ಸಿದ್ಧತೆಯಾದ ಮೇಲೆ ಮಾತುಕತೆಗೆ ಕೂರಿ, ಎಲ್ಲವನ್ನೂ ಇಮೇಲ್‌ನಲ್ಲೇ ಬರೆಸಿಕೊಳ್ಳಿ. ಒಂದೇ ಬಾರಿಯ ರಿಯಾಯಿತಿಗಿಂತ, ಮೂರು ವರ್ಷಗಳ ಕಾಲ ಏರಿಕೆ ಇಷ್ಟು ಶೇಕಡಾ ಮೀರಕೂಡದೆಂಬ ಷರತ್ತು ಹೆಚ್ಚು ಲಾಭದ್ದು. ಮಾರ್ಚ್ ಕೊನೆಯಲ್ಲಿ ಬರುವ ನವೀಕರಣದ ದಿನಾಂಕವನ್ನು ಬದಲಿಸಲು ಕೇಳಿ. ಮಿಲ್ಲಿನವರಾದರೆ ಭತ್ತದ ಖರೀದಿಗೆ ರೊಕ್ಕ ಬೇಕಾಗುವ ನವೆಂಬರ್-ಡಿಸೆಂಬರ್ ಕೂಡ ಬೇಡ. ಕಾರ್ಡಿನಿಂದ ತಾನಾಗಿಯೇ ಹಣ ಕಡಿತವಾಗುವ ಆಟೋ ರಿನ್ಯೂವಲ್ ಅನ್ನು ನಿಲ್ಲಿಸಿಡಿ. ವಿದೇಶಿ ಕಂಪನಿಯಿಂದ ನೇರವಾಗಿ ಕೊಂಡಿದ್ದರೆ ಡಾಲರ್ ದರದ ಏರಿಳಿತವಲ್ಲದೆ, ರಿವರ್ಸ್ ಚಾರ್ಜ್ ಪ್ರಕಾರ ಜಿಎಸ್‌ಟಿಯನ್ನು ನೀವೇ ಕಟ್ಟಬೇಕಾಗುತ್ತದೆ ಎಂಬುದು ನೆನಪಿರಲಿ.

ಪರ್ಯಾಯಗಳೂ ಇವೆ. ವಾರ್ಷಿಕ ವಹಿವಾಟು 1.5 ಕೋಟಿ ರೂಪಾಯಿವರೆಗೆ ಇರುವವರಿಗಾಗಿ ಜಿಎಸ್‌ಟಿ ಜಾಲವು ಉಚಿತ ಬಿಲ್ಲಿಂಗ್ ಸಾಫ್ಟ್‌ವೇರ್ ಒದಗಿಸಿದೆ. ಪತ್ರ, ಪಟ್ಟಿಗಳಷ್ಟೇ ಕೆಲಸವಾದರೆ ಲಿಬ್ರೆ ಆಫೀಸ್ ಸಾಕು. ಲೆಕ್ಕ, ಸ್ಟಾಕ್ ಎರಡನ್ನೂ ನೋಡಿಕೊಳ್ಳುವ ಮುಕ್ತ ತಂತ್ರಾಂಶವಾದ ಇಆರ್‌ಪಿನೆಕ್ಸ್ಟ್‌ಗೆ ಲೈಸೆನ್ಸ್ ಶುಲ್ಕವಿಲ್ಲ, ಆದರೆ ಸರ್ವರ್ ಬೇಕು, ಅದನ್ನು ನೋಡಿಕೊಳ್ಳುವ ತಿಳಿದವರು ಬೇಕು. ಅಂಥವರು ಹತ್ತಿರದಲ್ಲಿ ಸಿಗದಿದ್ದರೆ ಆ ದಾರಿ ಹಿಡಿಯಬೇಡಿ. ಕ್ರ್ಯಾಕ್ ಮಾಡಿದ ಪ್ರತಿಯನ್ನಂತೂ ಯಾವ ಕಾರಣಕ್ಕೂ ಹಾಕಿಸಿಕೊಳ್ಳಬೇಡಿ. ಅದು ಕಾನೂನುಬಾಹಿರ, ಜೊತೆಗೆ ಬರುವ ವೈರಸ್ ಇಡೀ ವರ್ಷದ ಲೆಕ್ಕವನ್ನೇ ನುಂಗಬಹುದು.

ಬದಲಾಯಿಸಲು ತೀರ್ಮಾನಿಸಿದರೆ ಏಪ್ರಿಲ್ 1ರಿಂದ ಆರಂಭಿಸಿ, ಅದಕ್ಕೂ ಮೊದಲು ಒಂದು ತಿಂಗಳು ಎರಡರಲ್ಲೂ ಬಿಲ್ಲು ಬರೆದು ಹೋಲಿಸಿ. ಪ್ರೈವೇಟ್ ಲಿಮಿಟೆಡ್ ಆಗಿರುವವರು ಹೊಸ ಸಾಫ್ಟ್‌ವೇರ್‌ನಲ್ಲಿ ಪ್ರತಿ ತಿದ್ದುಪಡಿಯ ದಾಖಲೆ ಉಳಿಯುತ್ತದೆಯೇ ಎಂದು ಪರೀಕ್ಷಿಸಲೇಬೇಕು. 2023ರ ಏಪ್ರಿಲ್ 1ರಿಂದ ಕಂಪನಿಗಳಿಗೆ ಅದು ಕಡ್ಡಾಯ. ಜಿಎಸ್‌ಟಿ ಕಾಯ್ದೆಯಂತೆ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಇಡಬೇಕಾದ್ದರಿಂದ, ಹಳೆಯ ಲೈಸೆನ್ಸ್ ಮುಗಿಯುವ ಮುನ್ನವೇ ಎಲ್ಲ ವರ್ಷಗಳ ಖಾತೆಗಳನ್ನು ಪಿಡಿಎಫ್ ಮತ್ತು ಎಕ್ಸೆಲ್ ರೂಪದಲ್ಲಿ ತೆಗೆದು ಎರಡು ಪ್ರತ್ಯೇಕ ಹಾರ್ಡ್‌ ಡಿಸ್ಕ್‌ಗಳಲ್ಲಿ ಇರಿಸಿ, ಒಂದನ್ನು ಆಡಿಟರ್ ಕೈಗೆ ಕೊಡಿ.